ಕಿಲ್ಕೆನ್ನಿಯಲ್ಲಿ ಮಗಳ ಮನೆ: ಕೋಟೆ ಕಾಣುವ ಹಳೆಯ ಬೀದಿಯೋ, ಊರ ಹೊರಗಿನ ಬಡಾವಣೆಯೋ?

ನೀರ್ಚಾಲಿನ ಮಾಸ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಕಡೆಯವನು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾಗಿದ್ದೇನೆ. ಈಗ ಎರಡು ಎಕರೆ ಅಡಿಕೆ ತೋಟವೇ ನನ್ನ ಶಾಲೆ. ನರ್ಸಿಂಗ್ ಓದಿದ ಮಗಳು ಐರ್ಲೆಂಡಿನ ಕಿಲ್ಕೆನ್ನಿ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಇದುವರೆಗೆ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದೇ ಮನೆಯಲ್ಲಿದ್ದಳು. ಈಗ ಅಳಿಯನೂ ಹೊರಡುವವನಿರುವುದರಿಂದ ಬೇರೆ ಮನೆ ಹುಡುಕುತ್ತಿದ್ದಾಳೆ.

ಎರಡು ಮನೆಗಳು ಸಿಕ್ಕಿವೆ, ಬಾಡಿಗೆ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಹಳೆಯ ಪೇಟೆಯೊಳಗೆ, ಇನ್ನೂರು ವರ್ಷ ದಾಟಿದ ಕಲ್ಲಿನ ಕಟ್ಟಡದ ಎರಡನೆಯ ಮಹಡಿ. ಅದರ ಕಿಟಕಿಯಿಂದ ಕೋಟೆಯ ಬುರುಜು ಕಾಣುತ್ತದೆ. ಎರಡನೆಯದು ಊರಿನ ನಡುವಿನಿಂದ ಎರಡು ಕಿಲೋಮೀಟರ್ ಆಚೆ, ಒಂದೇ ಅಚ್ಚಿನಲ್ಲಿ ಎರೆದಂತಿರುವ ಮನೆಗಳ ಬಡಾವಣೆ. ಅಳಿಯನಿಗೆ ಮೊದಲನೆಯದೇ ಆಗಬೇಕು. ಅಷ್ಟು ದೂರ ಹೋಗಿ ಪೆಟ್ಟಿಗೆಯಂಥ ಮನೆಯಲ್ಲಿ ಏಕೆ ಇರಬೇಕು ಎಂಬುದು ಅವನ ವಾದ. ಮಗಳು ವಿಡಿಯೋ ಕರೆಯಲ್ಲಿ ಆ ಮನೆಯನ್ನು ನಮಗೂ ತೋರಿಸಿದಳು. ನಾನು ಕೋಟೆಯನ್ನು ನೋಡುತ್ತಿದ್ದೆ. ನನ್ನ ಹೆಂಡತಿ ಕಿಟಕಿಯ ಮೂಲೆಯಲ್ಲಿದ್ದ ಕಪ್ಪು ಕಲೆಯನ್ನು ನೋಡಿದಳು. ಅಂದಿನಿಂದ ನಮ್ಮಲ್ಲಿ ಈ ಚರ್ಚೆ ಮುಗಿದಿಲ್ಲ.

ಇನ್ನೊಂದು ವಿಚಾರವೂ ಇದೆ. ನಾವಿಬ್ಬರೂ ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಬೇಕೆಂದಿದ್ದೇವೆ. ಬೇಸಗೆಯಲ್ಲಿ ತೋಟಕ್ಕೆ ನೀರು, ಮಳೆ ಹಿಡಿಯುವ ಹೊತ್ತಿಗೆ ಮದ್ದು ಬಿಡುವ ಕೆಲಸ, ಆಮೇಲೆ ಕೊಯ್ಲು. ಇವುಗಳ ನಡುವೆ ಯಾವ ತಿಂಗಳು ಹೊರಟರೆ ಊರು ನೋಡಲು ಅನುಕೂಲ? ಅರುವತ್ತಾರು ವರ್ಷದ ನನಗೆ, ಮೊಣಕಾಲು ನೋವಿರುವ ಅವಳಿಗೆ ಅಲ್ಲಿ ನೋಡಲು, ನಡೆಯಲು ಏನಿದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಪೆರ್ಲದವ (ನಾಲ್ಕು ವರ್ಷದಿಂದ ಅದೇ ಊರಿನಲ್ಲಿ) ಬರೆದದ್ದು:

ಮಾಸ್ಟ್ರೇ, ನಿಮ್ಮ ಮನೆಯವರು ಕಂಡ ಕಪ್ಪು ಕಲೆಯೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ. ಅಂಥದ್ದೇ ಒಂದು ಮನೆಯಲ್ಲಿ ನಾವು ಏಳು ತಿಂಗಳಿದ್ದು ಹೊರಬಿದ್ದವರು. ನನ್ನ ಹೆಂಡತಿಯೂ ನರ್ಸ್. ನಾವು ಹೋಗಿ ಇಳಿದದ್ದು ಸೆಪ್ಟೆಂಬರಿನಲ್ಲಿ. ಎರಡಡಿ ದಪ್ಪದ ಗೋಡೆ, ಮೇಲೆ ಕೆಳಗೆ ಸರಿಸುವ ಮರದ ಕಿಟಕಿ, ಕೆಳಗೆ ಕಲ್ಲು ಹಾಸಿದ ಓಣಿ, ಎಲ್ಲವೂ ಕ್ಯಾಲೆಂಡರಿನ ಚಿತ್ರದಂತಿದ್ದವು. ನವೆಂಬರ್ ಬಂದಾಗ ಆ ಕಿಟಕಿಗೆ ಇರುವುದು ಒಂದೇ ಪದರದ ಗಾಜು ಎಂಬುದು ಮೈಗೆ ತಿಳಿಯಿತು. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕೆಂದು ನಿಮಗೆ ಗೊತ್ತು. ಆ ಆವಿಯೆಲ್ಲ ತಣ್ಣನೆಯ ಗಾಜಿನ ಮೇಲೆ ನೀರಾಗಿ ಇಳಿದು, ಕಿಟಕಿಯ ಅಡಿಪಟ್ಟಿಯಲ್ಲಿ ನಿಂತು, ಅಲ್ಲಿಂದ ಗೋಡೆಗೆ ಹತ್ತುತ್ತಿತ್ತು. ಜನವರಿಯಲ್ಲಿ ಒಂದು ದಿನ ಮಂಚದ ಅಡಿಯಿಂದ ಚರ್ಮದ ಪೆಟ್ಟಿಗೆಯನ್ನು ಎಳೆದರೆ ಅದರ ಮೇಲೆ ಹಸುರು ಬೂಷ್ಟು, ಒಳಗಿದ್ದ ಮದುವೆಯ ಸೀರೆಗೂ ಅದೇ ವಾಸನೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಕಿಲ್ಕೆನ್ನಿಯಲ್ಲಿ ಸಾವಿರವೂ ಬೀಳುವುದಿಲ್ಲ. ಆದರೆ ನಮ್ಮದು ನಾಲ್ಕು ತಿಂಗಳು ಹೊಯ್ದು ಬಿಡುವ ಮಳೆ, ಅಲ್ಲಿಯದು ವರ್ಷವಿಡೀ ತೊಟ್ಟಿಕ್ಕುವ ಮಳೆ. ಬಟ್ಟೆ ಒಣಗಿಸುವ ಬಿಸಿಲನ್ನು ಲೆಕ್ಕ ಹಿಡಿಯಬೇಕೇ ಹೊರತು ಮಳೆಯ ಅಳತೆಯನ್ನಲ್ಲ.

ಮನೆ ಮಾಲಿಕನನ್ನು ದೂರಿ ಫಲವಿರಲಿಲ್ಲ. ಐರ್ಲೆಂಡಿನಲ್ಲಿ ಯೋಜನಾ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಆಡಳಿತವೂ ಸಂರಕ್ಷಿತ ಕಟ್ಟಡಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಬೇಕು. ಪಟ್ಟಿಯಲ್ಲಿರುವ ಕಟ್ಟಡದ ಮುಂಭಾಗವಷ್ಟೇ ಅಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಕಿಟಕಿ, ಸ್ಲೇಟು ಕಲ್ಲಿನ ಮಾಡು, ಎಲ್ಲವೂ ಆ ರಕ್ಷಣೆಯಡಿ ಬರುತ್ತವೆ. ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಯಾವುದೇ ಕೆಲಸಕ್ಕೆ ಅನುಮತಿ ಪಡೆಯಬೇಕಾಗುತ್ತದೆ. ಮರದ ಹಳೆಯ ಕಿಟಕಿಯನ್ನು ಕಿತ್ತು ಪ್ಲಾಸ್ಟಿಕ್ಕಿನ ಜೋಡಿ ಗಾಜಿನ ಕಿಟಕಿ ಕೂರಿಸುವುದಂತೂ ಆಗದ ಮಾತು. ಇದರಿಂದ ಊರಿನ ಅಂದ ಉಳಿದಿದೆ ಎನ್ನುವುದು ನಿಜ, ನಾನು ಅದನ್ನು ಮೆಚ್ಚುವವನೇ. ಆದರೆ ಆ ಅಂದಕ್ಕಾಗಿ ಮನೆ ಬಿಸಿ ಮಾಡುವ ಖರ್ಚನ್ನು ತೆರುವವನು ಬಾಡಿಗೆದಾರ.

ಆದ್ದರಿಂದ ಮಗಳಿಗೆ ಹೀಗೆ ಹೇಳಿ. ಅಲ್ಲಿ ಬಾಡಿಗೆ ಮನೆಗೆ ಎ1ರಿಂದ ಜಿಯವರೆಗಿನ ದರ್ಜೆ ಕೊಡುವ ಇಂಧನ ಪ್ರಮಾಣಪತ್ರ ಇರುತ್ತದೆ. ಸಂರಕ್ಷಿತ ಕಟ್ಟಡಗಳಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ಹಳೆಯ ಮನೆಯಾದರೆ ಕಳೆದ ಚಳಿಗಾಲದ ಕರೆಂಟಿನ ಅಥವಾ ಎಣ್ಣೆಯ ಬಿಲ್ಲನ್ನೇ ಕೇಳಬೇಕು. ಒಂದು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ, ಇದಕ್ಕಿಂತ ಹೆಚ್ಚನ್ನು ಮೊದಲೇ ಕೇಳಲು 2021ರಿಂದ ಕಾನೂನಿನಲ್ಲಿ ಅವಕಾಶವಿಲ್ಲ. ಯಾರಾದರೂ ಕೇಳಿದರೆ ಆ ಮನೆಯನ್ನೇ ಬಿಟ್ಟುಬಿಡಲಿ.

ದೂರದ ಚಿಂತೆ ಬೇಡ. ಸುಮಾರು ಇಪ್ಪತ್ತೇಳು ಸಾವಿರ ಜನರ ಊರದು. ದೊಡ್ಡ ಆಸ್ಪತ್ರೆ ಊರಿನ ವಾಯವ್ಯ ಅಂಚಿನಲ್ಲಿರುವುದರಿಂದ ಬಡಾವಣೆ ಆ ದಿಕ್ಕಿನಲ್ಲಿದ್ದರೆ ಪೇಟೆಯ ಮನೆಗಿಂತ ಅದೇ ಹತ್ತಿರ. 2019ರ ಕೊನೆಯಿಂದ ಎರಡು ಮಾರ್ಗಗಳಲ್ಲಿ ನಗರ ಬಸ್ಸು ಓಡುತ್ತಿದೆ. ಅಳಿಯ ಕಾರು ಓಡಿಸುವ ಅಂದಾಜಿನಲ್ಲಿದ್ದರೆ ಒಂದು ಮಾತು: ಭಾರತದ ಲೈಸೆನ್ಸನ್ನು ಅಲ್ಲಿಯದಕ್ಕೆ ನೇರ ಬದಲಾಯಿಸಿಕೊಡುವುದಿಲ್ಲ. ನೆಲೆಸಿದವರು ಕಲಿಯುವವರ ಪರವಾನಗಿಯಿಂದಲೇ ಆರಂಭಿಸಿ ಪರೀಕ್ಷೆ ಪಾಸಾಗಬೇಕು. ನಾನು ಹನ್ನೆರಡು ವರ್ಷ ಪೆರ್ಲದ ತಿರುವುಗಳಲ್ಲಿ ಜೀಪು ಬಿಟ್ಟವನು, ಮೊದಲ ಸಲ ಫೇಲಾದೆ.

ಮುಳ್ಳೇರಿಯದ ಇಂಜಿನಿಯರ್ ಬರೆದದ್ದು:

ಪೆರ್ಲದವರ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಹಳೆಯ ಮನೆ ಎಂದರೆ ಒದ್ದೆ ಮನೆ ಎಂದು ತೀರ್ಮಾನಿಸುವುದು ಸರಿಯಲ್ಲ. ನಮ್ಮ ಅಜ್ಜನ ಕಾಲದ ಮುರಕಲ್ಲಿನ ಮನೆಗಳನ್ನು ನೆನಪಿಸಿಕೊಳ್ಳಿ. ಸುಣ್ಣದ ಗಾರೆ ಇದ್ದಷ್ಟು ಕಾಲ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುತ್ತಿತ್ತು. ಯಾವಾಗ ಮಕ್ಕಳು ಗಲ್ಫಿನಿಂದ ಹಣ ಕಳುಹಿಸಿ ಅದರ ಮೇಲೆ ಸಿಮೆಂಟು ಮೆತ್ತಿಸಿದರೋ ಅಂದಿನಿಂದ ಬಣ್ಣ ಹಪ್ಪಳದಂತೆ ಏಳತೊಡಗಿತು. ಐರ್ಲೆಂಡಿನ ಹಳೆಯ ಕಲ್ಲಿನ ಗೋಡೆಯೂ ಸುಣ್ಣದಿಂದಲೇ ಕಟ್ಟಿದ್ದು, ಅದರ ಕಾಯಿಲೆಯೂ ಇದೇ. ಕಪ್ಪು ಕಲೆ ಕಿಟಕಿಯ ಮೂಲೆಯಲ್ಲಿ ಮಾತ್ರ ಇದೆಯೇ, ಅಥವಾ ನೆಲದಿಂದ ಮೇಲಕ್ಕೆ ಹತ್ತುತ್ತಿದೆಯೇ ಎಂದು ಮಗಳು ನೋಡಲಿ. ಮೂಲೆಯದು ಗಾಳಿಯಾಡದ ದೋಷ, ಒಲೆಗೂಡಿನ ಚಿಮಣಿಯನ್ನು ಪೂರ್ತಿ ಮುಚ್ಚಿದ್ದರೆ ಅದೇ ಕಾರಣವಿರಬಹುದು. ಗೋಡೆಯನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯಿಂದ ಬಿಟ್ಟಿದೆ, ಒಳಗೆ ತೇವ ಸಿಕ್ಕಿಹಾಕಿಕೊಂಡಿರಬಹುದು ಎಂದು ತಿಳಿದು ಕೈಬಿಡಬೇಕು.

ನಾನು ಆ ಊರಿಗೆ ಎರಡು ದಿನ ಹೋದದ್ದು ಕಲ್ಲಿನ ಕೆಲಸ ನೋಡಲೆಂದೇ. ಅಲ್ಲಿಯ ಸುಣ್ಣಕಲ್ಲನ್ನು ಹೊಳಪು ಕೊಟ್ಟು ತೀಡಿದರೆ ಕಡುಗಪ್ಪಾಗುತ್ತದೆ. ಹಾಗಾಗಿ ಅದಕ್ಕೆ ಕಪ್ಪು ಅಮೃತಶಿಲೆ ಎಂದು ಹೆಸರಾಗಿ, ಊರಿಗೂ ಅಮೃತಶಿಲೆಯ ನಗರವೆಂಬ ಹೆಸರು ಅಂಟಿದೆ. ಒಂದು ಅಂಗಡಿಯ ಹೊಸ್ತಿಲಲ್ಲಿ ಮಳೆ ಬಿದ್ದು ಕಲ್ಲು ಕಪ್ಪಾದಾಗ ಉಗುರಿನಷ್ಟು ಬೆಳ್ಳನೆಯ ಚಿಪ್ಪುಗಳು ಒಂದೊಂದಾಗಿ ಎದ್ದು ಕಂಡವು. ಅವೆಲ್ಲ ಒಂದು ಕಾಲದ ಕಡಲಿನ ಜೀವಿಗಳು. ಜನ ಅದನ್ನು ತುಳಿದುಕೊಂಡು ಹಾಲು ತರಲು ಹೋಗುತ್ತಿದ್ದರು.

ಮಂಜೇಶ್ವರದ ಅಜ್ಜಿ ಬರೆದದ್ದು:

ಮಾಸ್ಟ್ರೇ, ಮಗಳ ಬಾಣಂತನಕ್ಕೆಂದು ಹೋಗಿ ಆ ಊರಿನಲ್ಲಿ ಎಂಬತ್ತು ದಿನ ಇದ್ದವಳು ನಾನು. ನಾನು ಹೋದದ್ದು ನವೆಂಬರಿನಲ್ಲಿ. ಆ ತಪ್ಪನ್ನು ನೀವು ಮಾಡಬೇಡಿ. ಡಿಸೆಂಬರಿನಲ್ಲಿ ಬೆಳಗ್ಗೆ ಎಂಟೂವರೆಗೆ ಬೆಳಕು ಹರಿದು, ಸಂಜೆ ನಾಲ್ಕೂಕಾಲಕ್ಕೆ ದೀಪ ಹಚ್ಚುವ ಹೊತ್ತಾಗುತ್ತದೆ. ನೀವು ಎರಡನೆಯ ಸಲದ ಮದ್ದು ಬಿಡಿಸಿ ಆಗಸ್ಟ್ ಮೊದಲ ವಾರ ಹೊರಡಿ, ಕೊಯ್ಲಿಗೆ ಮೊದಲು ಅಕ್ಟೋಬರ್ ಕೊನೆಗೆ ಹಿಂತಿರುಗಿ. ಆಗಸ್ಟಿನಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ. 1974ರಿಂದ ನಡೆಯುತ್ತಿರುವ ಕಿಲ್ಕೆನ್ನಿಯ ಕಲಾ ಉತ್ಸವವೂ, ದೇಶದಾದ್ಯಂತ ಹಳೆಯ ಕಟ್ಟಡಗಳಲ್ಲಿ ಕಾರ್ಯಕ್ರಮ ನಡೆಸುವ ಪರಂಪರೆಯ ಸಪ್ತಾಹವೂ ಅದೇ ತಿಂಗಳಲ್ಲಿ ಬರುತ್ತವೆ.

ನೋಡಲು ಏನಿದೆ ಎಂದು ಕೇಳಿದ್ದೀರಿ. ಕೋಟೆಯಿಂದ ಸಂತ ಕ್ಯಾನಿಸರ ಇಗರ್ಜಿಯವರೆಗಿನ ಒಂದು ಮೈಲಿನೊಳಗೆ ಎಲ್ಲವೂ ಇದೆ. ಮೊಮ್ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಮಳೆ ಬಿಟ್ಟ ದಿನಗಳಲ್ಲೆಲ್ಲ ನಾನು ಆ ದಾರಿಯನ್ನು ನಡೆದಿದ್ದೇನೆ. ನೋರ್ ನದಿಯ ದಡದ ಆ ಕಲ್ಲಿನ ಕೋಟೆಯನ್ನು ಹದಿಮೂರನೆಯ ಶತಮಾನದ ಆರಂಭದಲ್ಲಿ ವಿಲಿಯಂ ಮಾರ್ಷಲ್ ಎಂಬ ಇಂಗ್ಲಿಷ್ ಸರದಾರ ಕಟ್ಟಿಸಿದ. 1391ರಲ್ಲಿ ಬಟ್ಲರ್ ಮನೆತನದವರು ಅದನ್ನು ಕೊಂಡು 1935ರವರೆಗೆ ಅಲ್ಲಿ ವಾಸವಾಗಿದ್ದರು. ಒಳಗಿನ ಸಾಮಾನುಗಳು ಹರಾಜಾದವು. 1967ರಲ್ಲಿ ಬರೇ ಐವತ್ತು ಪೌಂಡಿಗೆ ಕೋಟೆಯನ್ನು ಊರಿನವರಿಗೆ ಒಪ್ಪಿಸಿದರು. ನಮ್ಮ ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದನೆನ್ನುತ್ತಾರಲ್ಲ, ಅದೇ 1650ರಲ್ಲಿ ಇಂಗ್ಲೆಂಡಿನ ಸೇನಾಧಿಪತಿ ಕ್ರಾಮ್‌ವೆಲ್ಲನ ಸೇನೆ ಈ ಕೋಟೆಗೆ ಮುತ್ತಿಗೆ ಹಾಕಿತು. ಇಂದಿಗೂ ಅದಕ್ಕೆ ಮೂರೇ ಬುರುಜು, ಒಂದು ಬದಿಗೆ ಗೋಡೆಯೇ ಇಲ್ಲ. ಒಳಗೆ ಹೋಗಲು ಟಿಕೆಟು ಬೇಕು. ಹೊರಗಿನ ಸುಮಾರು ಐವತ್ತು ಎಕರೆಯ ಉದ್ಯಾನಕ್ಕೆ ಯಾರೂ ಏನೂ ಕೇಳುವುದಿಲ್ಲ. ನಿಮ್ಮ ಮನೆಯವರ ಮೊಣಕಾಲಿಗೆ ಆ ಸಮತಟ್ಟಾದ ದಾರಿ ಸಾಕು. ಅಲ್ಲಿ ಬೆಂಚುಗಳೂ ಧಾರಾಳ.

ಇಗರ್ಜಿಯ ಪಕ್ಕದಲ್ಲಿ ಸುಮಾರು ಮೂವತ್ತು ಮೀಟರ್ ಎತ್ತರದ ಉರುಟು ಗೋಪುರವೊಂದಿದೆ. ಇಗರ್ಜಿಗಿಂತಲೂ ಅದೇ ಹಳೆಯದು. ಒಳಗಿನ ಮೆಟ್ಟಿಲುಗಳು ಮೆಟ್ಟಿಲುಗಳಲ್ಲ, ಅಟ್ಟಕ್ಕೆ ಇಡುವ ಏಣಿಗಳು. ಅಡಿಕೆ ಮರ ಹತ್ತಿ ಅಭ್ಯಾಸವಿದ್ದರೆ ಮಾಸ್ಟ್ರು ಹತ್ತಬಹುದು, ಮನೆಯವರು ಕೆಳಗೆ ಇರಲಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೋತ್ ಹೌಸ್. ಜಾನ್ ರೋತ್ ಎಂಬ ವ್ಯಾಪಾರಿ 1594ರಿಂದ 1610ರ ನಡುವೆ ಒಂದರ ಹಿಂದೆ ಒಂದಾಗಿ ಕಟ್ಟಿಸಿದ ಮೂರು ಮನೆಗಳು. ಬೀದಿಗೆ ಕಾಣುವುದು ಒಂದು ಅಂಗಡಿಯ ಅಗಲ, ಒಳಗೆ ಹೋದಂತೆ ಅಂಗಳದ ಹಿಂದೆ ಅಂಗಳ, ಕೊನೆಗೆ ಹಿತ್ತಿಲಿನಲ್ಲಿ ಸೊಪ್ಪು ಹಣ್ಣುಗಳ ತೋಟ. ಮದುವೆಯಾದ ಮಕ್ಕಳಿಗೆ ಒಂದೊಂದು ಕೋಣೆ ಸೇರಿಸುತ್ತಾ ಹೋದ ನಮ್ಮ ದೊಡ್ಡ ಮನೆಗಳ ನೆನಪಾಯಿತು.

ಮನೆಯ ವಿಷಯದಲ್ಲಿ ನಾನು ಬಡಾವಣೆಯ ಪಕ್ಷ. ಹಳೆಯ ಪೇಟೆಯಲ್ಲಿ ಶುಕ್ರವಾರ, ಶನಿವಾರ ರಾತ್ರಿ ಮದುವೆಗೆ ಮುಂಚಿನ ಮೋಜಿಗೆಂದು ಹೊರ ಊರುಗಳ ಗುಂಪುಗಳು ಬರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಬಡಾವಣೆಯಲ್ಲಿ ನಿಮಗೆ ಕಷ್ಟವಾಗುವುದು ಒಂದೇ, ಇಮ್ಮರ್ಶನ್. ಬಿಸಿನೀರಿನ ಟ್ಯಾಂಕಿನೊಳಗಿನ ಕರೆಂಟಿನ ಹೀಟರಿಗೆ ಅಲ್ಲಿ ಹಾಗೆನ್ನುತ್ತಾರೆ. ಬಚ್ಚಲ ಹಂಡೆಗೆ ಬೆಂಕಿ ಹಾಕಿ ಅದನ್ನು ಇಡೀ ದಿನ ಮರೆತು ಬದುಕಿದ ನನಗೆ, ಬಸ್ಸು ಹತ್ತಿದ ಮೇಲೂ ‘ಅಮ್ಮಾ, ಇಮ್ಮರ್ಶನ್ ಆಫ್ ಮಾಡಿದ್ದೀರಾ’ ಎಂದು ಮಗಳು ಕೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ.

ಮಾಸ್ಟ್ರು ಕನ್ನಡ ಕಲಿಸಿದವರಾದ್ದರಿಂದ ಒಂದನ್ನು ಸೇರಿಸುತ್ತೇನೆ. 1366ರಲ್ಲಿ ಇದೇ ಊರಿನಲ್ಲಿ ಸೇರಿದ ಪಾರ್ಲಿಮೆಂಟು, ಐರ್ಲೆಂಡಿಗೆ ಬಂದು ನೆಲೆಸಿದ ಇಂಗ್ಲಿಷರು ಐರಿಷ್ ಭಾಷೆ ಆಡಕೂಡದು, ಐರಿಷರೊಂದಿಗೆ ಮದುವೆಯಾಗಕೂಡದು, ಅವರ ಹಾಡುಗಾರರನ್ನು, ಕಥೆ ಹೇಳುವವರನ್ನು ಮನೆಗೆ ಸೇರಿಸಕೂಡದು, ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಎಂಬ ಅಲ್ಲಿಯ ಆಟವನ್ನು ಆಡಕೂಡದು ಎಂದು ಕಾನೂನು ಮಾಡಿತು. ತಮಾಷೆಯೆಂದರೆ ಇಂಗ್ಲಿಷನ್ನು ಕಡ್ಡಾಯ ಮಾಡಿದ ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ. ಇಂದು ಅಖಿಲ ಐರ್ಲೆಂಡ್ ಹರ್ಲಿಂಗ್ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದಿರುವುದು ಕಿಲ್ಕೆನ್ನಿಯೇ. ಪಂದ್ಯದ ವಾರ ಅಂಗಡಿ ಅಂಗಡಿಯಲ್ಲೂ ಕಪ್ಪು ಹಳದಿಯ ಬಾವುಟ. ನಮ್ಮಲ್ಲಿ ‘ಇವತ್ತು ಆಟ ಉಂಟು’ ಎಂದರೆ ಯಕ್ಷಗಾನ, ಅಲ್ಲಿ ಹರ್ಲಿಂಗ್, ಅಷ್ಟೇ ವ್ಯತ್ಯಾಸ.

ನೀರ್ಚಾಲಿನ ಮಾಸ್ಟ್ರು ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ಇಂಜಿನಿಯರರು ಹೇಳಿದಂತೆ ಮಗಳು ಗೋಡೆ ತಟ್ಟಿ ನೋಡಿದಳು. ಕಿಟಕಿಯ ಕೆಳಗಿನ ಒಂದು ಮೊಳದಷ್ಟು ಜಾಗ ಟೊಳ್ಳು ಸದ್ದು ಮಾಡಿತಂತೆ. ಚಿಮಣಿಗೆ ಹಲಗೆ ಹೊಡೆದು ಬಣ್ಣ ಬಳಿದಿದ್ದಾರಂತೆ. ಕಳೆದ ಚಳಿಗಾಲದ ಬಿಲ್ಲು ಕೇಳಿದಾಗ ಮನೆ ತೋರಿಸಲು ಬಂದವರು ಮಾತು ಬದಲಿಸಿದರಂತೆ. ಅಳಿಯನೂ ಒಪ್ಪಿದ್ದಾನೆ, ಬಡಾವಣೆಯ ಮನೆಗೇ ಮುಂಗಡ ಕೊಟ್ಟಿದ್ದಾರೆ. ಕಲೆಯನ್ನು ಮೊದಲು ಕಂಡವಳು ತಾನೆಂದು ನನ್ನ ಹೆಂಡತಿ ಈ ಚರ್ಚೆಯನ್ನು ಎರಡು ಸಲ ಓದಿಸಿಕೊಂಡಳು.

ಅಜ್ಜಿಯವರು ಬರೆದ 1366ರ ವಿಚಾರ ನನ್ನನ್ನು ಬಹಳ ಹೊತ್ತು ಕೂರಿಸಿತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಮನೆಯ ಭಾಷೆ ಬೇರೆ, ಕಚೇರಿಯ ಭಾಷೆ ಬೇರೆ ಎಂಬ ಸ್ಥಿತಿಯಲ್ಲಿ ಬೆಳೆದವರು ನಾವು. ಅಲ್ಲಿಯ ಬೀದಿಗಳಲ್ಲಿ ಈಗ ಐರಿಷ್ ಕೇಳಿಸುತ್ತದೆಯೇ? ಇನ್ನು, ವೀಸಾಕ್ಕೆ ಏನೆಲ್ಲ ಕಾಗದ ಬೇಕು, ಊರಿನಿಂದ ಏನನ್ನು ಒಯ್ಯಬಹುದು ಎಂಬುದನ್ನೂ ತಿಳಿಸಿದರೆ ಉಪಕಾರ.

ಪೆರ್ಲದವ ಬರೆದದ್ದು:

ಮಾಸ್ಟ್ರೇ, ಐರಿಷನ್ನು ನೀವು ಓದುವಿರಿ, ಕೇಳುವುದು ಅಪರೂಪ. ಸಂವಿಧಾನದ ಪ್ರಕಾರ ಅದು ದೇಶದ ಮೊದಲ ಅಧಿಕೃತ ಭಾಷೆ, ರಸ್ತೆಯ ಫಲಕಗಳಲ್ಲಿ ಇಂಗ್ಲಿಷಿನ ಮೇಲೆ ಓರೆ ಅಕ್ಷರಗಳಲ್ಲಿ ಬರೆದಿರುತ್ತದೆ. ಕಿಲ್ಕೆನ್ನಿಗೆ ಕಿಲ್ ಖ್ಯಾನಿ ಎಂಬಂತೆ ಓದುವ ಹೆಸರಿದೆ, ಸಂತ ಕ್ಯಾನಿಸರ ಇಗರ್ಜಿ ಎಂದು ಅರ್ಥ. ಆದರೆ ಹಾಲಿನ ಅಂಗಡಿಯಲ್ಲಿ, ಬಸ್ಸಿನಲ್ಲಿ ಇಂಗ್ಲಿಷೇ. ನಮ್ಮಲ್ಲಿ ಬಾಯಲ್ಲಿರುವ ಭಾಷೆಗೆ ಫಲಕದಲ್ಲಿ ಜಾಗ ಕೇಳುತ್ತೇವೆ. ಅಲ್ಲಿ ಫಲಕದಲ್ಲಿರುವುದನ್ನು ಬಾಯಿಗೆ ತರಲು ಶಾಲೆಗಳಲ್ಲಿ ಹೆಣಗುತ್ತಿದ್ದಾರೆ. ಇನ್ನೊಂದಕ್ಕೂ ಸಿದ್ಧರಾಗಿ ಹೋಗಿ: ಕೇರಳದವರು ಎಂದು ತಿಳಿದ ಕೂಡಲೇ ಅಲ್ಲಿಯ ನರ್ಸುಗಳ ಮನೆಯವರೆಲ್ಲ ನಿಮ್ಮೊಡನೆ ಮಲಯಾಳದಲ್ಲಿ ಮಾತು ಶುರು ಮಾಡುತ್ತಾರೆ. ಒಳ್ಳೆಯ ಜನ, ಅವರ ದೆಸೆಯಿಂದಲೇ ಅಲ್ಲಿ ಕುಚ್ಚಲಕ್ಕಿ ಸಿಗುವುದು.

ಸಂದರ್ಶಕರಿಗೆ ಕೊಡುವುದು ಹೆಚ್ಚೆಂದರೆ 90 ದಿನಗಳ ವೀಸಾ. ವಿಮಾನದ ಟಿಕೆಟನ್ನು 85 ದಿನಕ್ಕೆ ಲೆಕ್ಕ ಹಾಕಿ. ಮಗಳ ಆಹ್ವಾನ ಪತ್ರ, ಅವಳ ಸಂಬಳದ ಚೀಟಿ, ನಿಮ್ಮ ಬ್ಯಾಂಕಿನ ಆರು ತಿಂಗಳ ವಿವರ, ಪಿಂಚಣಿಯ ದಾಖಲೆ ಇರಲಿ. ನೀವು ಖಂಡಿತ ಹಿಂತಿರುಗುವಿರಿ ಎಂದು ಅವರಿಗೆ ಮನವರಿಕೆಯಾಗಬೇಕು, ಅದಕ್ಕೆ ತೋಟದ ತೆರಿಗೆ ರಸೀದಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಆದರೆ ಇಂಗ್ಲಿಷ್ ಅಥವಾ ಐರಿಷಿನಲ್ಲಿಲ್ಲದ ಕಾಗದಗಳಿಗೆ ದೃಢೀಕೃತ ಅನುವಾದ ಜೊತೆಗಿರಬೇಕು. ಮಲಯಾಳದ ರಸೀದಿ, ಕನ್ನಡದ ಹಳೆಯ ಪ್ರಮಾಣಪತ್ರ ಎರಡನ್ನೂ ಈಗಲೇ ಮಾಡಿಸಿಡಿ. ನಮ್ಮ ಅತ್ತೆ ಮಾವನ ಅರ್ಜಿ ಇದೇ ಕಾರಣಕ್ಕೆ ಮೂರು ವಾರ ತಡವಾಯಿತು. ಪ್ರಯಾಣದ ವಿಮೆ ಮಾಡಿಸಿ, ಏಕೆಂದರೆ ಸಂದರ್ಶಕರು ಅಲ್ಲಿ ಡಾಕ್ಟರಿಗೆ ಕೈಯಿಂದಲೇ ಹಣ ಕೊಡಬೇಕು. ಮೂರು ತಿಂಗಳ ಮಾತ್ರೆ, ಇಂಗ್ಲಿಷಿನಲ್ಲಿ ಬರೆದ ಚೀಟಿ ಜೊತೆಗಿರಲಿ. ಡಬ್ಲಿನ್ ವಿಮಾನ ನಿಲ್ದಾಣದಿಂದ ನೇರ ಬಸ್ಸಿದೆ. ರೈಲಾದರೆ ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ಒಂದೂವರೆ ಗಂಟೆ.

ಒಯ್ಯುವ ಸಾಮಾನಿನಲ್ಲಿ ತುಪ್ಪ, ಹಾಲಿನ ಸಿಹಿತಿಂಡಿ, ಮಾಂಸ ಯಾವುದೂ ಬೇಡ, ಯುರೋಪಿನ ಕಾನೂನಿನಂತೆ ತಡೆಯುತ್ತಾರೆ. ಕರಿಬೇವಿನ ಸೊಪ್ಪಿಗೂ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಮಾವಿನಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ ಧಾರಾಳವಾಗಿ ಒಯ್ಯಿರಿ. ಆಶ್ಚರ್ಯವೆಂದರೆ ಬಾಳೆಹಣ್ಣು, ಅನಾನಸು, ಖರ್ಜೂರ, ದುರಿಯನ್ ಇವುಗಳ ಜೊತೆ ತೆಂಗಿನಕಾಯಿಗೂ ಸಸ್ಯ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಸುಲಿದ ಕಾಯಿ ನಾಲ್ಕು ಹಾಕಿಕೊಳ್ಳಿ, ಅದರೊಡನೆ ಒಂದು ಚಿಕ್ಕ ಹೆರೆಮಣೆಯನ್ನೂ. ಅಲ್ಲಿ ತುರಿಯುವ ಸಾಧನ ಸಿಗಲಿಲ್ಲವೆಂದು ನಾವು ಮೊದಲ ವರ್ಷ ಚಮಚದಲ್ಲಿ ಕೆರೆದವರು. ಹೆರೆಮಣೆಯನ್ನು ಕೈಚೀಲದಲ್ಲಿ ಮಾತ್ರ ಇಡಬೇಡಿ.